ಮೂರು ನೆಲ, ಎರಡು ಪೈಪು

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದ್ ತಾಲೂಕು, ನಿರ್ಣಾ ವೃತ್ತವೊಂದನ್ನು ಇತ್ತ ಬಿಟ್ಟು, ನಾರಾಯಣಖೇಡ ತಾಲೂಕಿನೊಡನೆ ಆಂಧ್ರಪ್ರದೇಶಕ್ಕೆ ಸೇರಿತು. ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲೂಕೂ ಅದೇ ದಿನ ಅದೇ ದಾರಿ ಹಿಡಿಯಿತು. ಈಗ ಮೊದಲಿನ ಎರಡು ಊರುಗಳು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ. ಗಡಿಯ ಗೆರೆ ಬಿದ್ದದ್ದು ನೆಲದ ಮೇಲೆ. ನೆಲದೊಳಗಿನ ಬಂಡೆ ಮಾತ್ರ ಹಿಂದಿನಂತೆಯೇ ಎರಡೂ ಕಡೆಗೆ ಹಬ್ಬಿಕೊಂಡಿದೆ. ಬೀದರ ಕೋಟೆಯ ಕೆಳಗಿರುವ ಜಂಬಿಟ್ಟಿಗೆಯ ಹಾಸೇ ಜಹೀರಾಬಾದಿನವರೆಗೆ ಸಾಗಿದೆ. ಔರಾದದ ಎರೆಭೂಮಿಯೇ ನಾರಾಯಣಖೇಡದ ಎರೆಭೂಮಿ. ಸೇಡಂ ಕಡೆಯ ಸುಣ್ಣಕಲ್ಲಿನ ಪದರುಗಳೇ ತಾಂಡೂರಿನ ಗಣಿಗಳಲ್ಲಿ ಫರಸಿಯಾಗಿ ಮೇಲೆ ಬರುತ್ತವೆ. ಹೀಗೆ ಒಂದು ದಿನದ ಪ್ರಯಾಣದಲ್ಲಿ ಮೂರು ಬಗೆಯ ನೆಲವನ್ನು ಕಾಣಬಹುದಾದ ಪ್ರದೇಶವಿದು.

ಈ ಸಲ ನಾವು ಈ ಮೂರೂ ಊರುಗಳನ್ನು ಸುತ್ತಿದ್ದು ಗುಡಿ ಗೋಪುರಗಳನ್ನು ನೋಡುವ ಉದ್ದೇಶದಿಂದಲ್ಲ. ಕೊಳವೆಬಾವಿಗೆ ಕಬ್ಬಿಣದ ಕೇಸಿಂಗ್ ಹಾಕಿಸಬೇಕೆ, ಪ್ಲಾಸ್ಟಿಕ್ ಕೇಸಿಂಗ್ ಹಾಕಿಸಬೇಕೆ ಎಂಬ ಪ್ರಶ್ನೆ ಗಡಿಯಾಚೆಯ ನಮ್ಮ ಕನ್ನಡ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲಿ ಏಳುತ್ತದೆ. ಕುಡಿಯುವ ನೀರು ಮಿಷನ್ ಭಗೀರಥದ ನಳದಲ್ಲಿ ಮನೆಗೆ ಬಂದಿದ್ದರೂ ಹೊಲದ ನೀರಿಗೆ, ದನಕರುಗಳ ನೀರಿಗೆ ಬೋರೇ ಗತಿಯಾದ ಹಳ್ಳಿಗಳು ಅಸಂಖ್ಯ. ಬೋರು ಕೊರೆಸುವುದಕ್ಕೆ ಮನೆಯೊಡತಿಯ ಬಂಗಾರ ಅಡವಿಗೆ ಹೋಗುವುದನ್ನು ವಾಚಕರು ಬಲ್ಲರು. ಅಂಥ ಹಣದಿಂದ ಕೊರೆಸಿದ ಬೋರು ಎರಡೇ ಮಳೆಗಾಲದಲ್ಲಿ ಮಣ್ಣು ಜರಿದು ಮುಚ್ಚಿಹೋದರೆ ಆ ಮನೆಯ ದುಃಖಕ್ಕೆ ಎಣೆಯಿಲ್ಲ. ನೀರು ಸಿಗುವುದು ಬಿಡುವುದು ದೈವಾಧೀನವೆನ್ನೋಣ; ಸಿಕ್ಕ ನೀರನ್ನು ಉಳಿಸಿಕೊಳ್ಳುವುದು ಬಹುಮಟ್ಟಿಗೆ ಈ ಪೈಪಿನ ಕೈಯಲ್ಲಿದೆ.

ಕೇಸಿಂಗ್ ಎಂದರೇನೆಂಬುದನ್ನು ಹಳೆಯ ಸೇದುಬಾವಿಯಿಂದ ಸುಲಭವಾಗಿ ತಿಳಿಯಬಹುದು. ನಮ್ಮ ಹಿರಿಯರು ಬಾವಿ ತೋಡಿದಾಗ ಮೇಲಿನ ಮೆತ್ತನೆಯ ಮಣ್ಣಿಗೆ ಕಲ್ಲಿನ ಕಟ್ಟಡ ಕಟ್ಟುತ್ತಿದ್ದರು. ಗಟ್ಟಿಕಲ್ಲು ಹತ್ತಿದ ಮೇಲೆ ಕಟ್ಟಡವನ್ನು ನಿಲ್ಲಿಸಿ ಬರಿಯ ಬಂಡೆಯನ್ನೇ ಬಿಡುತ್ತಿದ್ದರು. ಬೋರಿನಲ್ಲಿಯೂ ಇದೇ ಕ್ರಮ. ಮೇಲಿನ ಮಣ್ಣು, ಗರಸು, ಕೊಳೆತ ಕಲ್ಲು ಇವುಗಳಿರುವಷ್ಟು ಆಳಕ್ಕೆ ಅಗಲವಾದ ರಂಧ್ರ ಕೊರೆದು ಪೈಪು ಇಳಿಸುತ್ತಾರೆ. ಪೈಪಿನ ಕಾಲು ಗಟ್ಟಿಬಂಡೆಯಲ್ಲಿ ಊರಿದ ಮೇಲೆ ಅದರೊಳಗಿನಿಂದಲೇ ಸುಮಾರು ಆರೂವರೆ ಇಂಚಿನ ಚಿಕ್ಕ ಬಿಟ್ಟನ್ನು ಇಳಿಸಿ ಕೆಳಗೆ ಕೊರೆಯುತ್ತ ಹೋಗುತ್ತಾರೆ. ಆದ್ದರಿಂದ ಐನೂರು ಅಡಿಯ ಬೋರಿನಲ್ಲಿ ಪೈಪು ಇರುವುದು ನಲವತ್ತೋ ಎಂಬತ್ತೋ ಅಡಿ ಮಾತ್ರ. ಉಳಿದದ್ದೆಲ್ಲ ಬರಿಯ ಕಲ್ಲಿನ ಕೊಳವೆ.

ಈ ವಿದ್ಯೆ ನಮ್ಮ ನಾಡಿಗೆ ಬಂದು ಬಹಳ ಕಾಲವಾಗಿಲ್ಲ. ೧೯೬೬-೬೭ರ ಬಿಹಾರದ ಬರದ ಸಂದರ್ಭದಲ್ಲಿ ಯುನಿಸೆಫ್ ಸಂಸ್ಥೆಯು ಗಾಳಿಯ ಒತ್ತಡದಿಂದ ಬಂಡೆಯನ್ನು ಕುಟ್ಟಿ ಕೊರೆಯುವ ರಿಗ್ಗುಗಳನ್ನು ಭಾರತಕ್ಕೆ ತರಿಸಿತು. ಅದಾದ ಮೇಲೆ ದಖ್ಖಣದ ಗಟ್ಟಿಕಲ್ಲಿನಲ್ಲಿ ಕೊಳವೆಬಾವಿಗಳ ಯುಗ ಆರಂಭವಾಯಿತು. ನಮಗೆ ನೆರೆಯ ಸೋಲಾಪುರದಲ್ಲಿ ರೂಪುಗೊಂಡ ಕೈಪಂಪು ೧೯೭೦ರ ದಶಕದ ಪ್ರಸಿದ್ಧ 'ಇಂಡಿಯಾ ಮಾರ್ಕ್ ೨' ಪಂಪಿಗೆ ಆಧಾರವಾಯಿತು. ಆ ದಿನಗಳಲ್ಲಿ ಕೇಸಿಂಗ್ ಎಂದರೆ ಕಬ್ಬಿಣವೇ. ನೀಲಿ ಬಣ್ಣದ ಪ್ಲಾಸ್ಟಿಕ್ ಪೈಪು ಅನಂತರ ಬಂದು ಬೇಗನೆ ಊರೂರಿಗೆ ಹರಡಿತು. ಭಾರತೀಯ ಮಾನಕ ಸಂಸ್ಥೆಯು ಬಾವಿಯ ಉಕ್ಕಿನ ಕೊಳವೆಗೆ ಐ.ಎಸ್. ೪೨೭೦ ಎಂಬ ಸಂಖ್ಯೆಯನ್ನೂ, ಪಿ.ವಿ.ಸಿ. ಕೇಸಿಂಗಿಗೆ ಐ.ಎಸ್. ೧೨೮೧೮ ಎಂಬ ಸಂಖ್ಯೆಯನ್ನೂ ಕೊಟ್ಟಿದೆ. ಈಗ ನಮ್ಮ ಹಳ್ಳಿಗಳಿಗೆ ಬರುವ ರಿಗ್ ಲಾರಿಗಳಲ್ಲಿ ಎಷ್ಟೋ ದೂರದ ತಮಿಳುನಾಡಿನ ತಿರುಚೆಂಗೋಡಿನವು. ಅವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ರಾತ್ರಿ ಎರಡು ಗಂಟೆಗೆ ಧೂಳಿನ ನಡುವೆ 'ಎಷ್ಟು ಅಡಿ ಕೇಸಿಂಗ್' ಎಂಬ ನಿರ್ಧಾರವಾಗಿಬಿಡುತ್ತದೆ.

ಜಹೀರಾಬಾದಿಗೆ ಬೀದರದಿಂದ ಬರುವವರಿಗೆ ದಾರಿಯುದ್ದಕ್ಕೂ ಕೆಂಪು ಮಣ್ಣಿನ ಹೊಲಗಳು ಕಾಣುತ್ತವೆ. ಕಬ್ಬು, ಶುಂಠಿ, ಆಲೂಗಡ್ಡೆ ಬೆಳೆಯುವ ಸೀಮೆ. ಸಮೀಪದ ಝರಾಸಂಗಮದ ಕೇತಕಿ ಸಂಗಮೇಶ್ವರನ ಕುಂಡಕ್ಕೆ ಕನ್ನಡ, ಮರಾಠಿ, ತೆಲುಗು ಮೂರೂ ಮಾತಿನ ಭಕ್ತರು ಬರುತ್ತಾರೆ. ಇಲ್ಲಿಯ ಜಂಬಿಟ್ಟಿಗೆಯ ಮೇಲ್ಪದರು ಗಟ್ಟಿ. ಅದರಲ್ಲಿ ಜೇನುಗೂಡಿನಂಥ ತೂತುಗಳಿರುವುದರಿಂದ ಮಳೆನೀರು ಬೇಗ ಒಳಗಿಳಿಯುತ್ತದೆ. ಅದರ ಕೆಳಗೆ ಮೆತ್ತನೆಯ ಶೇಡಿಮಣ್ಣು, ಅದರ ಕೆಳಗೆ ಕಪ್ಪುಶಿಲೆ. ಇಳಿದ ನೀರು ಶೇಡಿ ಮತ್ತು ಕಪ್ಪುಶಿಲೆಗಳು ಕೂಡುವ ಸಂಧಿಯಲ್ಲಿ ನಿಂತು ಪಕ್ಕಕ್ಕೆ ಹರಿಯುತ್ತದೆ. ಬಹಮನಿಯರ ಕಾಲದಲ್ಲಿ ಬೀದರದ ನೌಬಾದ್ ಬಳಿ ತೋಡಿದ ಕರೇಜ್, ಎಂದರೆ ಸುರಂಗಬಾವಿ, ಇದೇ ಸಂಧಿಯ ನೀರನ್ನು ಹಿಡಿದು ತಂದ ಜಾಣ್ಮೆಯ ಕೆಲಸ.

ಅಂದು ಸುರಂಗ ತೋಡಿದವರಿಗೆ ನೀರು ಕೊಟ್ಟ ಶೇಡಿಯೇ ಇಂದು ಬೋರು ಕೊರೆಸುವವರನ್ನು ಕಾಡುತ್ತದೆ. ಮೇಲಿನ ಜಂಬಿಟ್ಟಿಗೆ ಕಲ್ಲಿನಂತೆ ಗಟ್ಟಿಯಾಗಿರುವುದನ್ನು ನೋಡಿ 'ಕಲ್ಲ ಹತ್ಯಾದ, ಇನ್ನ ಪೈಪ್ ಸಾಕ್ರಿ' ಎಂದು ಅಲ್ಲಿಗೇ ಕೇಸಿಂಗ್ ನಿಲ್ಲಿಸಿದರೆ ಕೆಳಗಿನ ಶೇಡಿ ನೀರಿಗೆ ನೆನೆದು ಕೊಳವೆಯೊಳಕ್ಕೆ ಜರಿಯುತ್ತದೆ. ಮೋಟಾರು ಕೆಸರಿನಲ್ಲಿ ಹೂತುಹೋಗುತ್ತದೆ. ಈ ಪ್ರಸ್ಥಭೂಮಿಯಲ್ಲಿ ಜಂಬಿಟ್ಟಿಗೆ ಮತ್ತು ಶೇಡಿ ಸೇರಿ ಕೆಲವೆಡೆ ನೂರು ಅಡಿಯನ್ನೂ ಮೀರುತ್ತವೆ. ಆದ್ದರಿಂದ ಇಲ್ಲಿ ಕೇಸಿಂಗ್ ಉದ್ದವಾಗಿಯೇ ಬೇಕು. ಉದ್ದ ಹೆಚ್ಚಿದಷ್ಟೂ ಬೆಲೆಯ ಮತ್ತು ಭಾರದ ಮಾತು ಮುಂದೆ ಬರುತ್ತದೆ.

ಜಹೀರಾಬಾದಿನ ಹೆದ್ದಾರಿಯ ಬದಿಯ ಅಂಗಡಿಯೊಂದರಲ್ಲಿ ಎರಡೂ ಬಗೆಯ ಪೈಪುಗಳನ್ನು ಒಟ್ಟಿದ್ದರು. ನಾವು ಅಳತೆ ಹಿಡಿದು ಲೆಕ್ಕ ಮಾಡಿದೆವು. ೧೬೮ ಮಿ.ಮೀ. ಹೊರವ್ಯಾಸದ, ೫ ಮಿ.ಮೀ. ದಪ್ಪದ ಉಕ್ಕಿನ ಪೈಪು ಇಪ್ಪತ್ತು ಅಡಿಗೆ ಸುಮಾರು ೧೨೦ ಕಿಲೋ ತೂಗುತ್ತದೆ. ೧೮೦ ಮಿ.ಮೀ. ಹೊರವ್ಯಾಸದ, ೭ ಮಿ.ಮೀ. ದಪ್ಪದ ಪಿ.ವಿ.ಸಿ. ಪೈಪು ಅಷ್ಟೇ ಉದ್ದಕ್ಕೆ ಸುಮಾರು ೩೩ ಕಿಲೋ. ಒಂದನ್ನು ಎತ್ತಲು ರಿಗ್ಗಿನ ಸರಪಳಿ ಬೇಕು, ತುಂಡು ತುಂಡಿಗೆ ಬೆಸುಗೆ ಹಾಕಬೇಕು. ಇನ್ನೊಂದನ್ನು ಹತ್ತು ಅಡಿಯ ತುಂಡುಗಳಾಗಿ ಒಬ್ಬನೇ ಹೆಗಲ ಮೇಲೆ ಹೊತ್ತು ತಂದು ಮರೆಯಿಂದ ತಿರುಗಿಸಿ ಜೋಡಿಸಬಹುದು. ಇದಲ್ಲದೆ ಜಂಬಿಟ್ಟಿಗೆ ಸೀಮೆಯ ನೀರಿನಲ್ಲಿ ಸಾಮಾನ್ಯವಾಗಿ ಸುಣ್ಣದಂಶ ಕಡಿಮೆ, ಕೊಂಚ ಹುಳಿಗುಣವೂ ಇರುತ್ತದೆ. ಅಂಥ ನೀರು ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ತುಕ್ಕು ನೀರಿಗಿಳಿದು ಬಿಳಿಯ ಬಟ್ಟೆಗೆ ಕಲೆ ಹತ್ತುತ್ತದೆ, ಅನ್ನಕ್ಕೆ ಒಗರು ಬರುತ್ತದೆ. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲ. ಆದಕಾರಣ ಜಹೀರಾಬಾದಿನ ಕೆಂಪು ನೆಲದಲ್ಲಿ ದಪ್ಪನೆಯ ಪ್ಲಾಸ್ಟಿಕ್ ಪೈಪನ್ನು ಶೇಡಿಯೆಲ್ಲ ದಾಟುವವರೆಗೆ ಇಳಿಸುವುದು ಲೇಸೆಂದು ನಮಗೆ ತೋರಿತು.

ಜಹೀರಾಬಾದಿನಿಂದ ಉತ್ತರಕ್ಕೆ ಹೊರಟು ಮಂಜೀರಾ ನದಿಯನ್ನು ದಾಟಿದರೆ ನಾರಾಯಣಖೇಡದ ಸೀಮೆ. ಮಂಜೀರೆ ಬೀದರ ಜಿಲ್ಲೆಯಿಂದ ಹರಿದು ಬಂದು ಸಿಂಗೂರಿನ ಜಲಾಶಯದಲ್ಲಿ ನಿಲ್ಲುತ್ತಾಳೆ. ಹೈದರಾಬಾದು ನಗರದ ಬಾಯಾರಿಕೆಯನ್ನು ತಣಿಸಿದವಳೂ ಅವಳೇ. ಇಷ್ಟು ಹತ್ತಿರದಲ್ಲಿ ನದಿಯಿದ್ದರೂ ದಂಡೆಯಿಂದ ದೂರದ ಹೊಲಗಳು ಮಳೆಯನ್ನೇ ನೋಡುತ್ತಿರುತ್ತವೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ.

ಇಲ್ಲಿಯ ಕಪ್ಪುಶಿಲೆ ಒಂದೇ ಬಂಡೆಯಲ್ಲ. ಪುರಾತನ ಕಾಲದಲ್ಲಿ ಭೂಗರ್ಭದಿಂದ ಉಕ್ಕಿ ಹರಿದ ಲಾವಾ ಒಂದರ ಮೇಲೊಂದು ಪದರಾಗಿ ಹೆಪ್ಪುಗಟ್ಟಿದೆ. ಪದರು ಪದರುಗಳ ನಡುವೆ ಅಲ್ಲಲ್ಲಿ ಇಟ್ಟಿಗೆಯ ಬಣ್ಣದ ಕೆಂಪು ಜೇಡಿಯ ಪಟ್ಟಿ ಸಿಗುತ್ತದೆ. ಕೊರೆಯುವಾಗ ಗಟ್ಟಿಯಾಗಿ ಕಾಣುವ ಈ ಜೇಡಿ ನೀರು ತಗಲಿದೊಡನೆ ಉಬ್ಬಿ ಜರಿಯುತ್ತದೆ. ಮೇಲೆ ಮೂವತ್ತು ಅಡಿಗೇ ಗಟ್ಟಿಕಲ್ಲು ಸಿಕ್ಕಿತೆಂದು ಪೈಪು ನಿಲ್ಲಿಸಿದ ಬೋರು ಕೆಳಗೆಲ್ಲೋ ನೂರಿಪ್ಪತ್ತು ಅಡಿಯಲ್ಲಿರುವ ಈ ಪಟ್ಟಿಯಿಂದ ಕೆಡುವುದುಂಟು. ಊರಿನ ಮುಂದಿನ ಹೊಲದಲ್ಲಿ ರಿಗ್ಗು ನಿಂತಿದ್ದಾಗ ಮುದುಕರೊಬ್ಬರು ಹೊರಗೆ ಚಿಮ್ಮುವ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಜೊತೆಗಿದ್ದ ಯುವಕನು, 'ಏನ್ ನೋಡ್ತೀರಿ ಕಾಕಾ?' ಎಂದು ಕೇಳಿದ. 'ಬಣ್ಣ ನೋಡ್ತೀನಪ್ಪಾ. ಕೆಂಪ ಬಂತಂದ್ರ ಅಲ್ಲಿ ತನಕಾ ಪೈಪ್ ಹೋಗ್ಬೇಕು' ಎಂದು ಅವರು ಉತ್ತರಿಸಿದರು. ಭೂವಿಜ್ಞಾನದ ಗ್ರಂಥ ಓದದ ಆ ಹಿರಿಯರ ಮಾತಿನಲ್ಲಿ ಗ್ರಂಥದ ಸಾರವೇ ಇತ್ತು.

ಪೈಪಿನ ಬಲದ ಪ್ರಶ್ನೆ ಮುಖ್ಯವಾಗುವುದು ಇಂಥ ಕಡೆ. ಬಾಗದೆ ನಿಲ್ಲುವ ಗುಣದಲ್ಲಿ ಉಕ್ಕು ಪಿ.ವಿ.ಸಿ.ಗಿಂತ ಅರವತ್ತು ಪಾಲಿಗೂ ಮಿಗಿಲು. ಹೊರಗಿನ ಮಣ್ಣು ನೀರಿನ ಒತ್ತಡಕ್ಕೆ ಪೈಪು ಚಪ್ಪಟೆಯಾಗುವುದೋ ಇಲ್ಲವೋ ಎಂಬುದು ಈ ಗುಣವನ್ನೂ, ಪೈಪಿನ ದಪ್ಪವನ್ನೂ ಅವಲಂಬಿಸಿದೆ. ದಪ್ಪವು ಎರಡರಷ್ಟಾದರೆ ಒತ್ತಡ ತಡೆಯುವ ಬಲ ಸುಮಾರು ಎಂಟರಷ್ಟಾಗುತ್ತದೆ. ಹೀಗಾಗಿ ದಪ್ಪದಲ್ಲಿ ಒಂದೆರಡು ಮಿಲಿಮೀಟರು ಉಳಿಸುವವನು ಬಲದಲ್ಲಿ ಅರ್ಧವನ್ನೇ ಕಳೆದುಕೊಳ್ಳಬಹುದು. ಮೋಟಾರು ಹಗಲಿರುಳು ಎಳೆದು ಒಳಗಿನ ನೀರು ತಳ ಸೇರಿ, ಹೊರಗೆ ಮಳೆನೀರು ತುಂಬಿ ನಿಂತ ಹೊತ್ತಿನಲ್ಲಿ ತೆಳುವಾದ ಪ್ಲಾಸ್ಟಿಕ್ ಪೈಪು ಒಳಕ್ಕೆ ಕುಸಿದು ಮೋಟಾರನ್ನೇ ಹಿಡಿದಿಡುತ್ತದೆ. ಇನ್ನೊಂದು ಅಪಾಯವೂ ಇದೆ. ಕೇಸಿಂಗಿನ ಒಳಗಿನಿಂದ ನಾಲ್ಕೈದು ನೂರು ಅಡಿ ಕೊರೆಯುವಾಗ ಉಕ್ಕಿನ ರಾಡುಗಳು ತೂಗಾಡಿ ಪೈಪಿನ ಗೋಡೆಗೆ ಹೊಡೆಯುತ್ತವೆ. ಕಬ್ಬಿಣ ಆ ಪೆಟ್ಟನ್ನು ತಾಳುತ್ತದೆ. ಪ್ಲಾಸ್ಟಿಕ್ಕಿನ ಜೋಡಣೆ ಸಡಿಲಬಹುದು, ಗೋಡೆ ಸೀಳಬಹುದು. ಮೇಲ್ಪದರಿನಲ್ಲಿ ಗುಂಡುಕಲ್ಲುಗಳಿದ್ದು ಪೈಪನ್ನು ಗುದ್ದಿ ಇಳಿಸಬೇಕಾದಲ್ಲಂತೂ ಪ್ಲಾಸ್ಟಿಕ್ ನಡೆಯದು. ತೇವ ಹಿಡಿದಿಡುವ ಎರೆಮಣ್ಣಿನಲ್ಲಿ ಕಬ್ಬಿಣಕ್ಕೆ ಹೊರಗಿನಿಂದಲೂ ತುಕ್ಕು ಹಿಡಿಯುವುದು ನಿಜ. ಅಷ್ಟಾದರೂ ಕೆಂಪುಪಟ್ಟಿಯವರೆಗೆ ಆಳವಾಗಿ ಇಳಿಸಬೇಕಾದ ನಾರಾಯಣಖೇಡದ ಬೋರುಗಳಲ್ಲಿ ದಪ್ಪ ಗೋಡೆಯ ಉಕ್ಕಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ಮರಳಿ ದಕ್ಷಿಣಕ್ಕೆ ಬಂದು ವಿಕಾರಾಬಾದಿನ ಮಾರ್ಗವಾಗಿ ನಾವು ತಾಂಡೂರು ತಲುಪಿದೆವು. ಸಿಕಂದರಾಬಾದು-ವಾಡಿ ರೈಲುಮಾರ್ಗದ ಈ ಊರನ್ನು ದೇಶದ ನಾನಾ ಭಾಗದ ಮನೆಗಳು ಕಾಲಡಿಯಲ್ಲಿ ಬಲ್ಲವು. ಇಲ್ಲಿಯ ನೀಲಿ, ಹಳದಿ ಫರಸಿಕಲ್ಲು ಅಷ್ಟು ದೂರ ಹೋಗಿದೆ. ಇಲ್ಲಿಯ ತೊಗರಿಗೆ ೨೦೨೨ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಊರ ಬದಿಯಲ್ಲಿ ಹರಿಯುವ ಕಾಗಿಣಾ ಮುಂದೆ ಕಲಬುರಗಿ ಜಿಲ್ಲೆಯಲ್ಲಿ ಭೀಮೆಯನ್ನು ಸೇರುತ್ತಾಳೆ. ಗಣಿಯ ಅಂಚಿನಲ್ಲಿ ನಿಂತು ನೋಡಿದರೆ ಪುಸ್ತಕದ ಹಾಳೆಗಳಂತೆ ಸುಣ್ಣಕಲ್ಲಿನ ಪದರುಗಳು ಕಾಣುತ್ತವೆ.

ಈ ಕಲ್ಲು ತಾನಾಗಿ ಜರಿಯುವಂಥದಲ್ಲ. ಮೇಲೆ ಮಣ್ಣು ತೆಳುವಾಗಿರುವ ಕಡೆ ಕೇಸಿಂಗ್ ಸ್ವಲ್ಪವೇ ಸಾಕೆಂಬ ಭಾವನೆ ಸಹಜ. ಆದರೆ ಸುಣ್ಣಕಲ್ಲನ್ನು ನೀರು ಯುಗಯುಗಗಳಿಂದ ಕರಗಿಸುತ್ತ ಬಂದು ಬಿರುಕುಗಳನ್ನು ಅಗಲಿಸಿದೆ. ನೀರು ಸಿಗುವುದೂ ಆ ಬಿರುಕುಗಳಲ್ಲಿಯೇ, ಹೊಲಸು ಇಳಿಯುವುದೂ ಆ ಬಿರುಕುಗಳಲ್ಲಿಯೇ. ಮಣ್ಣಿನಲ್ಲಿ ಸೋಸಿ ಇಳಿಯುವ ನೀರಿಗೂ, ಬಿರುಕಿನಲ್ಲಿ ನೇರವಾಗಿ ಹರಿಯುವ ನೀರಿಗೂ ಬಹಳ ಅಂತರವಿದೆ. ದನದ ಕೊಟ್ಟಿಗೆಯೋ ಶೌಚದ ಗುಂಡಿಯೋ ಸಮೀಪವಿದ್ದು, ಪೈಪು ಹತ್ತು ಅಡಿಗೇ ನಿಂತಿದ್ದರೆ, ಮೊದಲ ಮಳೆಗೆ ಆ ಮನೆಯ ಮಕ್ಕಳಿಗೆ ವಾಂತಿಭೇದಿ ಬರುವುದು ಆಶ್ಚರ್ಯವಲ್ಲ. ತಾಂಡೂರಿನಲ್ಲಿ ಪೈಪು ಯಾವುದರದೆಂಬ ಪ್ರಶ್ನೆಗಿಂತ, ಪೈಪಿನ ಹೊರಮೈಗೂ ಕಲ್ಲಿಗೂ ನಡುವಿನ ಸಂದನ್ನು ಹೇಗೆ ಮುಚ್ಚಿದ್ದಾರೆಂಬುದು ಹೆಚ್ಚು ಮುಖ್ಯ. ನಾವು ಕಂಡ ಕಡೆಗಳಲ್ಲಿ ಕೊರೆದ ಪುಡಿಯನ್ನೇ ಕಾಲಿನಿಂದ ತಳ್ಳಿ ಆ ಸಂದನ್ನು ಮುಚ್ಚುತ್ತಿದ್ದರು. ಅಲ್ಲಿ ಸಿಮೆಂಟಿನ ಗಾರೆಯನ್ನೋ ಒಳ್ಳೆಯ ಜೇಡಿಯನ್ನೋ ತುಂಬಬೇಕು. ಸಿಮೆಂಟು ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಶಾಖಕ್ಕೆ ಮೆತ್ತಗಾಗುವ ವಸ್ತು. ಆದ್ದರಿಂದ ಪ್ಲಾಸ್ಟಿಕ್ ಪೈಪಿನ ಸುತ್ತ ಒಮ್ಮೆಗೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ, ಬಿಡುವು ಕೊಟ್ಟು ತುಂಬಬೇಕು. ಸುಣ್ಣದ ಸೀಮೆಯ ಗಡುಸು ನೀರು ಎರಡೂ ಪೈಪುಗಳಿಗೆ ಬಿಳಿಯ ಹೊಪ್ಪಳೆ ಕಟ್ಟಿಸುತ್ತದೆ. ತುಕ್ಕಿನಿಂದ ಒರಟಾದ ಕಬ್ಬಿಣದ ಮೇಲೆ ಅದು ಬೇಗ ಹಿಡಿಯುತ್ತದೆ, ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ನಿಧಾನವಾಗಿ. ಇಲ್ಲಿಯ ಕೇಸಿಂಗ್ ಹೆಚ್ಚು ಆಳ ಇಳಿಯುವುದಿಲ್ಲವಾದ್ದರಿಂದ ಒತ್ತಡದ ಭಯವೂ ಕಡಿಮೆ. ಸಂದು ಸರಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಪೈಪು ಇಲ್ಲಿ ಸಾಕಾದೀತು.

ಪ್ಲಾಸ್ಟಿಕ್ ಪೈಪು ಕೊಳ್ಳುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಪೈಪಿನ ಮೈಮೇಲೆ ಐ.ಎಸ್. ೧೨೮೧೮ ಎಂಬ ಮುದ್ರೆಯಿದೆಯೇ ನೋಡಬೇಕು. ಹೊಲಕ್ಕೆ ನೀರು ಹಾಯಿಸುವ ಪೈಪು ಬೇರೆ, ಬಾವಿಗೆ ಇಳಿಸುವ ಕೇಸಿಂಗ್ ಬೇರೆ. ಮುದ್ರೆಯಲ್ಲಿ ಸಿ.ಎಸ್. ಎಂದಿದ್ದರೆ ೮೦ ಮೀಟರಿನವರೆಗಿನ ಬಾವಿಗೆ, ಸಿ.ಎಂ. ಎಂದಿದ್ದರೆ ೮೦ರಿಂದ ೨೫೦ ಮೀಟರಿಗೆ, ಸಿ.ಡಿ. ಎಂದಿದ್ದರೆ ೨೫೦ರಿಂದ ೪೫೦ ಮೀಟರಿಗೆ ಎಂದರ್ಥ. ಅಂಗಡಿಯ ಮುಂದೆ ವರ್ಷಗಟ್ಟಲೆ ಬಿಸಿಲಿಗೆ ಬಿದ್ದು ಬಣ್ಣ ಮಾಸಿದ ಪೈಪು ಬೇಡ. ಬಿಸಿಲು ಪ್ಲಾಸ್ಟಿಕ್ಕನ್ನು ಪೆಡಸಾಗಿಸುತ್ತದೆ. ಪಿ.ವಿ.ಸಿ. ತಯಾರಿಕೆಯಲ್ಲಿ ಹಿಂದಿನಿಂದ ಬಳಸುತ್ತಿದ್ದ ಸೀಸದ ಸಂಯುಕ್ತಗಳನ್ನು ಕೈಬಿಡಿಸಲು ಕೇಂದ್ರ ಸರಕಾರ ೨೦೨೧ರಲ್ಲಿ ನಿಯಮ ಮಾಡಿದೆ. ಕುಡಿಯುವ ನೀರಿನ ಬೋರಿಗೆ ಸೀಸವಿಲ್ಲದ ಪೈಪನ್ನೇ ಕೇಳಿ ಪಡೆಯಬೇಕು. ಕಬ್ಬಿಣದ ಪೈಪಾದರೆ ಗೋಡೆಯ ದಪ್ಪವನ್ನು ತುದಿಯಲ್ಲಿ ಅಳೆದು ನೋಡಬೇಕು. ಹಳೆಯ ಬೋರಿನಿಂದ ಕಿತ್ತ ಪೈಪಿಗೆ ಬಣ್ಣ ಬಳಿದು ಹೊಸದೆಂದು ಮಾರುವವರಿಂದ ಎಚ್ಚರವಿರಬೇಕು. ಬೆಸುಗೆ ಸುತ್ತಲೂ ಬಿದ್ದಿದೆಯೇ ಪರೀಕ್ಷಿಸಬೇಕು. ಯಾವುದಾದರೂ ಸರಿ, ಪೈಪು ನೆಲದಿಂದ ಒಂದು ಅಡಿಯಾದರೂ ಮೇಲೆ ನಿಲ್ಲಬೇಕು, ಕೆಳತುದಿ ಗಟ್ಟಿಬಂಡೆಯೊಳಗೆ ಕೆಲವು ಅಡಿ ಇಳಿದಿರಬೇಕು.

ಕಿತ್ತ ಪೈಪಿನ ಮಾತು ಬಂದಿತು. ಅದನ್ನು ಹೇಳದೆ ಈ ಲೇಖನವನ್ನು ಮುಗಿಸುವಂತಿಲ್ಲ. ಬೋರಿಗೆ ನೀರು ಬೀಳದಿದ್ದರೆ ಸಾಲದ ಭಾರದಿಂದ ನೊಂದ ರೈತನು ಹಾಕಿದ ಕೇಸಿಂಗನ್ನಾದರೂ ಉಳಿಸಿಕೊಳ್ಳೋಣವೆಂದು ಎಳೆಸುತ್ತಾನೆ. ಕಬ್ಬಿಣಕ್ಕೆ ಗುಜರಿಯ ಬೆಲೆ ಇರುವುದರಿಂದ ಅದನ್ನು ಎಳೆಸುವ ಆಸೆ ಹೆಚ್ಚು, ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಪೈಪು ಹೋದ ಮೇಲೆ ಉಳಿಯುವುದು ಅಗಲ ಬಾಯಿಯ, ಅಂಚು ಜರಿಯುವ ಗುಂಡಿ. ಅದರ ಮೇಲೆ ಒಂದು ಗೋಣಿಚೀಲವನ್ನೋ ಮುಳ್ಳಿನ ಕಂಟಿಯನ್ನೋ ಇಟ್ಟು ಹೋಗುತ್ತಾರೆ. ತಾಂಡೂರಿನಿಂದ ಹೈದರಾಬಾದಿಗೆ ಹೋಗುವ ದಾರಿಯ ಚೇವೆಳ್ಳ ಬಳಿ ೨೦೧೭ರ ಜೂನ್ ತಿಂಗಳಲ್ಲಿ ಒಂದೂವರೆ ವರ್ಷದ ಹೆಣ್ಣುಮಗುವೊಂದು ತೆರೆದ ಬೋರಿನಲ್ಲಿ ಬಿದ್ದು ಅಸುನೀಗಿತು. ೨೦೨೪ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ ಹಾಗೆಯೇ ಬಿದ್ದ ಎಳೆಯ ಮಗುವನ್ನು ಸುಮಾರು ಇಪ್ಪತ್ತು ಗಂಟೆಗಳ ಪರಿಶ್ರಮದಿಂದ ಜೀವಂತವಾಗಿ ಮೇಲೆತ್ತಿದರು. ಎಲ್ಲ ಮಕ್ಕಳಿಗೂ ಆ ಪುಣ್ಯವಿರುವುದಿಲ್ಲ.

ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿಯೇ ಈ ಬಗ್ಗೆ ಸ್ಪಷ್ಟವಾದ ನಿರ್ದೇಶನಗಳನ್ನು ಕೊಟ್ಟಿದೆ. ಕೇಸಿಂಗಿನ ಸುತ್ತ ೦.೫೦ ಮೀಟರು ಉದ್ದಗಲದ, ನೆಲದ ಮೇಲೆ ೦.೩೦ ಮೀಟರು, ನೆಲದೊಳಗೆ ೦.೩೦ ಮೀಟರು ಇರುವ ಕಾಂಕ್ರೀಟು ಕಟ್ಟೆ ಕಟ್ಟಬೇಕು. ಬಾಯಿಗೆ ಉಕ್ಕಿನ ತಗಡನ್ನು ಬೆಸೆಯಬೇಕು, ಇಲ್ಲವೆ ಭದ್ರವಾದ ಮುಚ್ಚಳವನ್ನು ನಟ್ಟು ಬೋಲ್ಟುಗಳಿಂದ ಬಿಗಿಯಬೇಕು. ಕೈಬಿಟ್ಟ ಬೋರನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲದ ಮಟ್ಟದವರೆಗೆ ತುಂಬಬೇಕು. ಬೆಸುಗೆಯ ಮುಚ್ಚಳಕ್ಕೆ ಕಬ್ಬಿಣದ ಪೈಪು ಅನುಕೂಲ. ಪ್ಲಾಸ್ಟಿಕ್ಕಿಗೆ ಬೋಲ್ಟಿನ ಮುಚ್ಚಳವೇ ಆಗಬೇಕು. ಬೋರು ಕೊರೆಸುವ ಮುನ್ನ ನೋಂದಣಿ ಮಾಡಿಸಬೇಕೆಂಬ ನಿಯಮವೂ ೨೦೦೨ರ ನೀರು, ನೆಲ, ಮರಗಳ ಕಾಯಿದೆಯಲ್ಲಿದೆ.

ಗಡಿಯಾಚೆಯ ನಮ್ಮ ಬಂಧುಗಳು ಮನೆಯಲ್ಲಿ ಕನ್ನಡವನ್ನೂ, ಕಚೇರಿಯಲ್ಲಿ ತೆಲುಗನ್ನೂ, ಸಂತೆಯಲ್ಲಿ ಉರ್ದುವನ್ನೂ ಆಡಿ ಬಾಳುತ್ತಿರುವವರು. ರಿಗ್ಗಿನವನೊಡನೆ ಯಾವ ಭಾಷೆಯಲ್ಲಾದರೂ ಮೂರು ಪ್ರಶ್ನೆಗಳನ್ನು ಕೇಳುವುದು ಅವರಿಗೆ ಕಷ್ಟವಾಗಲಾರದು: ಪೈಪು ಎಲ್ಲಿಯವರೆಗೆ ಇಳಿಯಿತು, ಅದರ ದಪ್ಪವೆಷ್ಟು, ಹೊರಗಿನ ಸಂದನ್ನು ಯಾವುದರಿಂದ ತುಂಬಿದಿರಿ? ಉತ್ತರವನ್ನು ತಾರೀಖಿನೊಡನೆ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಹತ್ತು ವರ್ಷಗಳ ಮೇಲೆ ಮೋಟಾರು ಸಿಕ್ಕಿಬಿದ್ದ ದಿನ, ಅಥವಾ ಪಕ್ಕದ ಹೊಲದ ತಮ್ಮನು ಬೋರು ಕೊರೆಸುವ ದಿನ ಆ ಒಂದು ಸಾಲು ಬಹಳ ಉಪಕಾರಕ್ಕೆ ಬರುತ್ತದೆ. ನೀರು ಬೀಳದ ಬೋರಿನ ಬಾಯಿಯನ್ನು ಮುಚ್ಚುವ ಕೆಲಸವನ್ನಂತೂ ಯಾರೂ ಮರುದಿನಕ್ಕೆ ಉಳಿಸಬಾರದೆಂದು ನಮ್ಮ ಪ್ರಾರ್ಥನೆ. ರಿಗ್ಗು ಹೊಲ ಬಿಟ್ಟು ಹೊರಡುವ ಮೊದಲೇ ಅದು ಆಗಿರಬೇಕು.